ಎರಾಸ್ಮಸ್ ಮುಂಡಸ್: ಫೀಸಿಲ್ಲದೆ ಯುರೋಪಿನಲ್ಲಿ ಮಾಸ್ಟರ್ಸ್ ಓದಲು ಒಂದು ವರ್ಷದ ತಯಾರಿ

ಪ್ರತಿ ಡಿಸೆಂಬರ್‌ನಲ್ಲಿ ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಣ್ಣಾ, ಜನವರಿ ಹತ್ತಕ್ಕೆ ಲಾಸ್ಟ್ ಡೇಟ್ ಅಂತೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಏನ್ ಮಾಡ್ಲಿ?" ಮುಂದಿನ ವರ್ಷ ಹಾಕು ಮಾರಾಯ ಅನ್ನುತ್ತೇನೆ. ಆ ಕಡೆ ಫೋನ್ ಸುಮ್ಮನಾಗುತ್ತದೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಈ ಸ್ಕಾಲರ್‌ಶಿಪ್‌ಗೆ ಬುದ್ಧಿ ಬೇಕು, ಅಂಕ ಬೇಕು, ನಿಜ. ಆದರೆ ನಾನು ನೋಡಿದ ಹಾಗೆ ಜಾಸ್ತಿ ಜನ ಸೋಲುವುದು ಕಾಗದಪತ್ರದಲ್ಲಿ, ಮತ್ತು ಈ ಕೋರ್ಸು ಯಾಕೆ ಬೇಕು ಅಂತ ತಾವೇ ಬರೆಯಬೇಕಾದ ಪತ್ರವನ್ನು ಯಾರದ್ದೋ ನಕಲು ಮಾಡಿ ಕಳಿಸುವುದರಲ್ಲಿ.

ನಾನು ಓದಿ ಬಂದದ್ದು ನೀರಿಗೆ ಸಂಬಂಧಪಟ್ಟ ಕೋರ್ಸು. ಊರು ಕೋಲಾರ ಜಿಲ್ಲೆ, ಡಿಗ್ರಿ ಸಿವಿಲ್ ಎಂಜಿನಿಯರಿಂಗ್. ಚಿನ್ನದ ಪದಕ ಗಿದಕ ಏನೂ ಇಲ್ಲ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ

ಎರಾಸ್ಮಸ್ ಮುಂಡಸ್ ಯುರೋಪಿಯನ್ ಯೂನಿಯನ್ 2004ರಲ್ಲಿ ಶುರು ಮಾಡಿದ ಯೋಜನೆ. ಮೂರು ಅಥವಾ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳು ಒಂದು ಗುಂಪು ಕಟ್ಟಿಕೊಂಡು ಒಂದು ಮಾಸ್ಟರ್ಸ್ ಕೋರ್ಸ್ ನಡೆಸುತ್ತವೆ. ಈ ಗುಂಪಿಗೆ ಕನ್ಸಾರ್ಷಿಯಂ ಅನ್ನುತ್ತಾರೆ. ನೀವು ಕಡಿಮೆ ಅಂದರೂ ಎರಡು ದೇಶಗಳಲ್ಲಿ ಓದಬೇಕು. ಕೋರ್ಸು ಒಂದರಿಂದ ಎರಡು ವರ್ಷ. ಸ್ಕಾಲರ್‌ಶಿಪ್ ಸಿಕ್ಕಿದರೆ ಬೋಧನಾ ಶುಲ್ಕ ಇಲ್ಲ, ವಿಮೆ ಅವರದೇ, ಅದರ ಮೇಲೆ ತಿಂಗಳಿಗೆ 1,400 ಯೂರೋ ಕೈಗೆ ಬರುತ್ತದೆ. ಹೆಚ್ಚೆಂದರೆ 24 ತಿಂಗಳು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವಿಮಾನದ ಟಿಕೆಟ್ಟು, ವೀಸಾ ಖರ್ಚು, ಮನೆ ಹುಡುಕುವ ಖರ್ಚು ಎಲ್ಲ ಆ 1,400ರಲ್ಲೇ ಸೇರಿದೆ. ಬೇರೆ ಕೊಡುವುದಿಲ್ಲ. "ಎಲ್ಲಾ ಫ್ರೀ" ಅಂತ ಯೂಟ್ಯೂಬ್‌ನಲ್ಲಿ ಹೇಳುವವರು ಇದನ್ನು ನುಂಗಿಬಿಡುತ್ತಾರೆ.

ವಯಸ್ಸಿನ ಮಿತಿ ಇಲ್ಲ. ಯಾವ ದೇಶದವರೂ ಹಾಕಬಹುದು. ಡಿಗ್ರಿ ಮುಗಿದಿರಬೇಕು, ಇಲ್ಲವೇ ಕೊನೆಯ ವರ್ಷದಲ್ಲಿದ್ದು ಕೋರ್ಸ್ ಶುರುವಾಗುವ ಮುಂಚೆ ಮುಗಿಯುವಂತಿರಬೇಕು. ಒಂದು ಸಲ ಈ ಸ್ಕಾಲರ್‌ಶಿಪ್ ತಗೊಂಡವರಿಗೆ ಇನ್ನೊಂದು ಸಲ ಸಿಗುವುದಿಲ್ಲ. ಹಿಂದೆ ವರ್ಷಕ್ಕೆ ಮೂರೇ ಕೋರ್ಸಿಗೆ ಅರ್ಜಿ ಹಾಕಬೇಕು ಅನ್ನುವ ನಿಯಮ ಇತ್ತು. ಹಳೆಯ ಬರಹಗಳಲ್ಲಿ ಈಗಲೂ ಅದೇ ಕಾಣುತ್ತದೆ. ಈಗ ಆ ಮಿತಿ ಇಲ್ಲ.

ಇನ್ನೊಂದು ಒಳ್ಳೆಯ ಸಂಗತಿ, ವಾಪಸ್ ಬರಲೇಬೇಕು ಅನ್ನುವ ಕರಾರು ಇಲ್ಲ. ಇದರ ಬೆಲೆ ನನಗೆ ಗೊತ್ತಾಗಿದ್ದು ಚೀನಾದ ಸಹಪಾಠಿಯೊಬ್ಬಳಿಂದ. ಅವರ ದೇಶದಲ್ಲಿ ಚೀನಾ ಸ್ಕಾಲರ್‌ಶಿಪ್ ಕೌನ್ಸಿಲ್ ಅಂತ ಇದೆ, 1996ರಲ್ಲಿ ಹುಟ್ಟಿದ್ದು. ಹೊರಗೆ ಓದಲು ಹೋಗುವವರಿಗೆ, ಅದರಲ್ಲೂ ಪಿಎಚ್‌ಡಿಯವರಿಗೆ ಸರ್ಕಾರದ ದುಡ್ಡು ಕೊಡುತ್ತದೆ. ಆದರೆ ಹೋಗುವ ಮುಂಚೆ ಕರಾರಿಗೆ ಸಹಿ ಹಾಕಬೇಕು, ಜಾಮೀನುದಾರರನ್ನು ತೋರಿಸಬೇಕು, ಓದು ಮುಗಿದ ಮೇಲೆ ಚೀನಾಗೆ ಮರಳಿ ಎರಡು ವರ್ಷ ಅಲ್ಲೇ ಇರಬೇಕು. ತಪ್ಪಿದರೆ ದಂಡದ ಸಮೇತ ದುಡ್ಡು ಕಟ್ಟಬೇಕು. "ನಮ್ಮಪ್ಪನ ಗೆಳೆಯರನ್ನ ಜಾಮೀನಿಗೆ ಕೇಳೋಕೆ ನಾಚಿಕೆ ಆಯ್ತು, ಅದಕ್ಕೇ ಇಲ್ಲಿಗೆ ಹಾಕಿದೆ" ಅಂದಳು. ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್ ತಗೊಂಡರೆ ನಾವೂ ಎರಡು ವರ್ಷ ಊರಿಗೆ ವಾಪಸ್ ಬರಬೇಕು. ಎರಾಸ್ಮಸ್ ಮುಂಡಸ್‌ನಲ್ಲಿ ಆ ತಲೆನೋವಿಲ್ಲ.

ಆಗಸ್ಟ್: ಕೋರ್ಸ್ ಹುಡುಕಿ

ಅರ್ಜಿ ಹೋಗುವುದು ಯುರೋಪಿಯನ್ ಯೂನಿಯನ್ನಿಗೆ ಅಲ್ಲ. ಆಯಾ ಕೋರ್ಸಿನ ಕನ್ಸಾರ್ಷಿಯಂಗೆ ನೇರವಾಗಿ. ಎಲ್ಲ ಕೋರ್ಸುಗಳ ಪಟ್ಟಿ ಯೂನಿಯನ್ನಿನ ಅಧಿಕೃತ ಎರಾಸ್ಮಸ್ ಮುಂಡಸ್ ಕ್ಯಾಟಲಾಗ್‌ನಲ್ಲಿದೆ. ಅಲ್ಲಿಂದ ಕೋರ್ಸಿನ ಸ್ವಂತ ವೆಬ್‌ಸೈಟಿಗೆ ಹೋಗಿ. ಮಧ್ಯೆ ಏಜೆಂಟ್ ಬೇಕಾಗಿಯೇ ಇಲ್ಲ. ಒಬ್ಬ ಕನ್ಸಲ್ಟೆಂಟ್ ನನ್ನ ಹತ್ತಿರ "ಪ್ರೊಸೆಸಿಂಗ್" ಅಂತ ನಲವತ್ತು ಸಾವಿರ ಕೇಳಿದ್ದ. ಅವನು ಮಾಡುತ್ತಿದ್ದದ್ದು ಇಷ್ಟೇ, ನಾನು ಕೊಟ್ಟ ಪಿಡಿಎಫ್‌ಗಳನ್ನು ಅಪ್‌ಲೋಡ್ ಮಾಡುವುದು.

ಕ್ಯಾಟಲಾಗ್‌ನಲ್ಲಿ ಎಂಜಿನಿಯರಿಂಗ್ ಒಂದೇ ಇಲ್ಲ. ಪತ್ರಿಕೋದ್ಯಮಕ್ಕೆ ಡೆನ್ಮಾರ್ಕಿನ ಆರ್ಹುಸ್‌ನಿಂದ ಶುರುವಾಗುವ ಮುಂಡಸ್ ಜರ್ನಲಿಸಂ ಹೆಸರುವಾಸಿ. ಹಳೆಯ ಕಟ್ಟಡ, ದೇವಸ್ಥಾನ, ಕೋಟೆಗಳ ರಚನೆ ಬಗ್ಗೆ ಓದಲು ಪೋರ್ಚುಗಲ್‌ನ ಮಿನ್ಯೋ, ಇಟಲಿಯ ಪಾದುವ, ಬಾರ್ಸಿಲೋನ, ಪ್ರಾಗ್ ಸೇರಿ ನಡೆಸಿದ ಒಂದು ವರ್ಷದ ಕೋರ್ಸು. ಹಂಪಿ, ಬಾದಾಮಿ ಕಡೆಯ ಸಿವಿಲ್ ಹುಡುಗರು ಇದನ್ನು ಯಾಕೆ ನೋಡಲ್ಲವೋ ಗೊತ್ತಿಲ್ಲ. ಭಾಷೆ ಮತ್ತು ಕಂಪ್ಯೂಟರ್ ಎರಡೂ ಇಷ್ಟ ಇದ್ದರೆ ಜರ್ಮನಿಯ ಸಾರ್‌ಲ್ಯಾಂಡ್ ಮುಂದಾಳತ್ವದ ಭಾಷಾ ತಂತ್ರಜ್ಞಾನದ ಕೋರ್ಸು. ಪ್ರವಾಹದ ಬಗ್ಗೆ ಡೆಲ್ಫ್ಟ್, ಡ್ರೆಸ್ಡೆನ್, ಬಾರ್ಸಿಲೋನ, ಲುಬ್ಲಿಯಾನ ಸೇರಿ ಒಂದು ಕೋರ್ಸು ಕಟ್ಟಿದ್ದವು. ಯಾವುದಕ್ಕೂ ಆ ವರ್ಷ ಸ್ಕಾಲರ್‌ಶಿಪ್ ಇದೆಯಾ ಅಂತ ಕೋರ್ಸಿನ ಸೈಟಿನಲ್ಲೇ ಖಚಿತ ಮಾಡಿಕೊಳ್ಳಿ. ಒಂದು ಅನುದಾನ ಮುಗಿದು ಇನ್ನೊಂದು ಬರುವ ಮಧ್ಯೆ ಕೋರ್ಸು ಇದ್ದೂ ದುಡ್ಡು ಇಲ್ಲದ ವರ್ಷಗಳು ಬರುತ್ತವೆ.

ಎಷ್ಟು ಕೋರ್ಸಿಗೆ ಹಾಕಬೇಕು? ಮಿತಿ ಇಲ್ಲ ಅಂತ ಹದಿನೈದು ಹಾಕಿದವರನ್ನು ನೋಡಿದ್ದೇನೆ. ಹದಿನೈದಕ್ಕೂ ಅದೇ ಪತ್ರ, ಕೋರ್ಸಿನ ಹೆಸರು ಮಾತ್ರ ಬೇರೆ. ಒಂದರಲ್ಲಿ ಹೆಸರು ಬದಲಿಸೋದನ್ನೂ ಮರೆತಿದ್ದ. ನನ್ನ ಲೆಕ್ಕದಲ್ಲಿ ನಾಲ್ಕೈದು ಸಾಕು, ಆದರೆ ಒಂದೊಂದಕ್ಕೂ ಕೂತು ಬರೆಯಬೇಕು.

ಕೋರ್ಸಿನ ಸೈಟಿನಲ್ಲಿ ಆಯ್ಕೆಯ ಮಾನದಂಡ ಅನ್ನುವ ಪುಟ ಇರುತ್ತದೆ. ಅಂಕಕ್ಕೆ ಇಷ್ಟು, ಪತ್ರಕ್ಕೆ ಇಷ್ಟು, ಅನುಭವಕ್ಕೆ ಇಷ್ಟು ಅಂತ ಹಲವರು ಅಲ್ಲೇ ಬರೆದಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಅಂಕಕ್ಕೇ ಅರ್ಧಕ್ಕಿಂತ ಜಾಸ್ತಿ ತೂಕ ಇರುವ ಕೋರ್ಸಿಗೆ ಸಾಧಾರಣ ಅಂಕದವರು ಹಾಕಿ ಕೊರಗುವುದು ಯಾಕೆ? ಕೆಲಸದ ಅನುಭವಕ್ಕೆ ಬೆಲೆ ಕೊಡುವ ಕೋರ್ಸು ಹುಡುಕಿ. ಮೂರು ವರ್ಷದ ಬಿಎ, ಬಿಎಸ್‌ಸಿ, ಬಿಕಾಂನವರು ನಿಮ್ಮ ಡಿಗ್ರಿ ನಡೆಯುತ್ತದಾ ಅಂತ ಕೋರ್ಸಿನ ಆಫೀಸಿಗೆ ಈಗಲೇ ಮೇಲ್ ಹಾಕಿ ಕೇಳಿ.

ಇನ್ನೊಂದು ನಿಯಮ ಯಾರೂ ಹೇಳುವುದಿಲ್ಲ. ಒಂದು ಕೋರ್ಸಿನ ಅನುದಾನದ ಅವಧಿಯಲ್ಲಿ ಕೊಡುವ ಒಟ್ಟು ಸ್ಕಾಲರ್‌ಶಿಪ್‌ಗಳಲ್ಲಿ ಒಂದೇ ದೇಶದವರಿಗೆ ಶೇ. 10ಕ್ಕಿಂತ ಜಾಸ್ತಿ ಹೋಗಬಾರದು. ಕೆಲವು ಪ್ರದೇಶಗಳಿಗೆ ಅಂತ ಬೇರೆ ಕೊಡುವ ಹೆಚ್ಚುವರಿ ಹಣಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. ಹಾಗಂದರೆ ಏನಾಯ್ತು? ಇಪ್ಪತ್ತು ಸೀಟಿದ್ದರೆ ಭಾರತಕ್ಕೆ ಹೆಚ್ಚೆಂದರೆ ಎರಡರ ಆಸುಪಾಸು. ನಿಮ್ಮ ಪೈಪೋಟಿ ಬ್ರೆಜಿಲ್‌ನವರ ಜೊತೆ ಅಲ್ಲ, ಚೀನಾದವರ ಜೊತೆಯೂ ಅಲ್ಲ. ಪುಣೆ, ಚೆನ್ನೈ, ಹುಬ್ಬಳ್ಳಿಯಿಂದ ಇದೇ ಕೋರ್ಸಿಗೆ ಹಾಕುತ್ತಿರುವವರ ಜೊತೆ. ನಿಮ್ಮ ಹಾಗೇ ಓದಿದವರು, ನಿಮ್ಮ ಹಾಗೇ ಪ್ರಾಜೆಕ್ಟ್ ಮಾಡಿದವರು. ಅವರ ನಡುವೆ ನಿಮ್ಮ ಅರ್ಜಿ ಬೇರೆಯಾಗಿ ಕಾಣಬೇಕು. ಮುಂದಿನದೆಲ್ಲ ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಓದಿ.

ಸೆಪ್ಟೆಂಬರ್, ಅಕ್ಟೋಬರ್: ಕಾಗದ

ಹೆಚ್ಚಿನ ಕೋರ್ಸುಗಳ ಅರ್ಜಿ ಅಕ್ಟೋಬರ್‌ನಿಂದ ಜನವರಿ, ಫೆಬ್ರವರಿ ಒಳಗೆ ತೆರೆದು ಮುಚ್ಚುತ್ತವೆ. ಓದು ಶುರುವಾಗುವುದು ಮುಂದಿನ ಆಗಸ್ಟ್, ಸೆಪ್ಟೆಂಬರ್‌ನಲ್ಲಿ.

ಮೊದಲು ಪಾಸ್‌ಪೋರ್ಟ್. ನಮ್ಮ ಕಡೆಯ ದೊಡ್ಡ ಸಮಸ್ಯೆ ಇನಿಶಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಮಂಜುನಾಥ ಕೆ. ವಿ.", ಡಿಗ್ರಿಯಲ್ಲಿ "ಮಂಜುನಾಥ್ ಕೆ ವಿ", ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದು ಸರ್‌ನೇಮ್ ಜಾಗ ಖಾಲಿ. ಯುರೋಪಿನ ಫಾರಂಗಳಲ್ಲಿ ಸರ್‌ನೇಮ್ ಇಲ್ಲದೆ ಮುಂದಿನ ಪುಟವೇ ತೆರೆಯುವುದಿಲ್ಲ. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಇನಿಶಿಯಲ್ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಏನಾದರೂ ಬರುವ ಹಾಗೆ ನೋಡಿಕೊಳ್ಳಿ. ಈಗಾಗಲೇ ಹೆಸರು ಬೇರೆ ಬೇರೆ ಇದ್ದರೆ ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ.

ಆಮೇಲೆ ಟ್ರಾನ್ಸ್‌ಕ್ರಿಪ್ಟ್. ಮಾರ್ಕ್ಸ್ ಕಾರ್ಡ್ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ವಿಶ್ವವಿದ್ಯಾಲಯಕ್ಕೆ ದುಡ್ಡು ಕಟ್ಟಿ ಅರ್ಜಿ ಹಾಕಿದರೆ ಎಲ್ಲ ಸೆಮಿಸ್ಟರಿನ ಅಂಕ ಒಂದೇ ಕಡೆ ಬರೆದು ಸೀಲು ಹಾಕಿ ಕೊಡುತ್ತಾರೆ. ನನ್ನದು ಬರಲು ಏಳು ವಾರ ಹಿಡಿಯಿತು, ಮಧ್ಯೆ ಎರಡು ಸಲ ಬಸ್ಸು ಹತ್ತಿ ಕೌಂಟರ್ ಮುಂದೆ ನಿಂತಿದ್ದೆ. ಅಂಕದ ಜೊತೆ ಗ್ರೇಡಿನ ಲೆಕ್ಕ ಹೇಗೆ ಅನ್ನುವ ಹಾಳೆಯೂ ಬೇಕು. ನಮ್ಮಲ್ಲಿ 75 ಅಂದರೆ ಡಿಸ್ಟಿಂಕ್ಷನ್ ಅಂತ ಲಿಸ್ಬನ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಕ್ಲಾಸಿನಲ್ಲಿ ರ‍್ಯಾಂಕ್ ಚೆನ್ನಾಗಿದ್ದರೆ ಕಾಲೇಜಿನಿಂದ ಅದನ್ನೂ ಪತ್ರದ ಮೇಲೆ ಬರೆಸಿಕೊಳ್ಳಿ.

ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಸಾಮಾನ್ಯವಾಗಿ 6.5 ಕೇಳುತ್ತಾರೆ. ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆ ಅನ್ನುವ ಕಾಲೇಜಿನ ಪತ್ರವನ್ನೇ ಒಪ್ಪುವ ಕೋರ್ಸುಗಳೂ ಇವೆ. ಕೇಳಿ ನೋಡಿ, ದುಡ್ಡು ಉಳಿಯುತ್ತದೆ.

ವಾಸದ ದಾಖಲೆ ಕೆಲವರು ಕೇಳುತ್ತಾರೆ. ಆಧಾರ್ ಕಳಿಸಿದರೆ ಸಾಕು ಅಂದುಕೊಳ್ಳಬೇಡಿ, ಇತ್ತೀಚಿನ ತಾರೀಖು ಇರುವ ಪತ್ರ ಬೇಕು ಅನ್ನುತ್ತಾರೆ. ನಾಡಕಚೇರಿಯಲ್ಲಿ ವಾಸ ದೃಢೀಕರಣ ಪತ್ರ ಸಿಗುತ್ತದೆ. ಕನ್ನಡದಲ್ಲಿ ಬಂದರೆ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಮಾಡಿಸಬೇಕು. ಕೆಲಸದಲ್ಲಿರುವವರು ಆಫೀಸಿನಿಂದ ಪತ್ರ ತಗೊಂಡರೂ ಬಹಳ ಕಡೆ ನಡೆಯುತ್ತದೆ.

ಸಿವಿಯನ್ನು ಯುರೋಪಿಯನ್ ಯೂನಿಯನ್ನಿನ ಯೂರೋಪಾಸ್ ಮಾದರಿಯಲ್ಲಿ ಕೇಳುವವರು ಜಾಸ್ತಿ. ಅದರ ಸೈಟಿನಲ್ಲೇ ಪುಕ್ಕಟೆ ಮಾಡಿಕೊಳ್ಳಬಹುದು. ಎರಡು ಪುಟ ದಾಟಬೇಡಿ.

ಪತ್ರ: ಇಲ್ಲಿ ಕೂತು ಬೆವರಿಳಿಸಿ

ಮೋಟಿವೇಶನ್ ಲೆಟರ್, ಅಂದರೆ ಈ ಕೋರ್ಸು ನನಗೆ ಯಾಕೆ ಬೇಕು ಅಂತ ಹೇಳುವ ಪತ್ರ. ನನ್ನ ಮೊದಲ ಕರಡು ಹೀಗೆ ಶುರುವಾಗಿತ್ತು: "ಬಾಲ್ಯದಿಂದಲೂ ನನಗೆ ಪರಿಸರದ ಬಗ್ಗೆ ಅಪಾರ ಆಸಕ್ತಿ. ನೀರು ಜೀವದ ಆಧಾರ." ನಮ್ಮ ಕಾಲೇಜಿನ ಮೇಡಂ ಒಬ್ಬರಿಗೆ ತೋರಿಸಿದೆ. ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಈ ನೀರು ಯಾವೂರಿಂದಪ್ಪ?" ಅಷ್ಟೇ. ಪತ್ರ ವಾಪಸ್ ಕೊಟ್ಟರು.

ಎರಡು ದಿನ ಸುಮ್ನೆ ಕೂತಿದ್ದೆ. ಆಮೇಲೆ ಹೊಸದಾಗಿ ಬರೆದೆ. ನಮ್ಮ ಹೊಲದಲ್ಲಿ ಅಪ್ಪ ಕೊರೆಸಿದ ನಾಲ್ಕನೇ ಬೋರ್‌ವೆಲ್ 1,200 ಅಡಿಗೂ ನೀರು ಕೊಡಲಿಲ್ಲ, ರಿಗ್ ಲಾರಿಯವನು ಬರೀ ಬಿಳಿ ಧೂಳು ತೋರಿಸಿ ದುಡ್ಡು ಎಣಿಸಿಕೊಂಡು ಹೋದ, ಅನ್ನುವಲ್ಲಿಂದ ಶುರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬಂತು. ಬೋರ್‌ವೆಲ್‌ಗಳಿಗೆ ಮತ್ತೆ ಜೀವ ಬಂತು ಅಂತ ಒಬ್ಬರು, ನೀರಿನ ಗುಣ ಕೆಡುತ್ತದೆ ಅಂತ ಇನ್ನೊಬ್ಬರು. ನನ್ನ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಮೂರು ಹಳ್ಳಿಗಳ ಬಾವಿ ನೀರು ಪರೀಕ್ಷೆ ಮಾಡಿದ್ದೆ. ಆದರೆ ಮಣ್ಣಿನ ಪದರದಲ್ಲಿ ಅದು ಹೇಗೆ ಇಳಿಯುತ್ತದೆ ಅಂತ ಮಾದರಿ ಕಟ್ಟಲು ನನಗೆ ಬರುತ್ತಿರಲಿಲ್ಲ. ಅದು ನಿಮ್ಮ ಎರಡನೇ ಸೆಮಿಸ್ಟರಿನ ಇಂಥ ವಿಷಯದಲ್ಲಿದೆ, ಅದಕ್ಕೇ ನಿಮ್ಮಲ್ಲಿಗೆ ಬರಬೇಕು. ಪತ್ರ ಇಷ್ಟೇ ಇತ್ತು.

ಇದರ ಅಂಗಾಂಗ ಬಿಡಿಸಿದರೆ ಹೀಗಿದೆ. ನಿಮ್ಮ ಕಣ್ಣಾರೆ ಕಂಡ ಒಂದು ಸಮಸ್ಯೆ. ಅದಕ್ಕೆ ನೀವು ಈಗಾಗಲೇ ಮಾಡಿದ ಚಿಕ್ಕ ಕೆಲಸ. ಆ ಕೆಲಸ ಎಲ್ಲಿ ನಿಂತುಹೋಯಿತು, ಏನು ಗೊತ್ತಿರಲಿಲ್ಲ. ಆ ಗೊತ್ತಿಲ್ಲದ್ದು ಈ ಕೋರ್ಸಿನ ಯಾವ ವಿಷಯದಲ್ಲಿ, ಯಾವ ಊರಿನಲ್ಲಿ ಸಿಗುತ್ತದೆ. ಓದಿದ ಮೇಲೆ ಎಲ್ಲಿ ಕೆಲಸ ಮಾಡುತ್ತೀರಿ. ಮೂರನೆಯದನ್ನು ಬರೆಯಲು ನಮ್ಮವರಿಗೆ ಮುಜುಗರ, ಗೊತ್ತಿಲ್ಲ ಅಂದರೆ ದಡ್ಡ ಅಂದುಕೊಳ್ಳುತ್ತಾರೆ ಅಂತ. ಎಲ್ಲ ಗೊತ್ತಿದ್ದರೆ ಓದೋಕೆ ಯಾಕೆ ಬರ್ತೀಯ, ಅಲ್ವಾ?

ಈ ದೇಶ ಯಾಕೆ, ಆ ದೇಶ ಯಾಕೆ ಅನ್ನುವುದಕ್ಕೂ ಉತ್ತರ ಇರಬೇಕು. ಎರಡು ದೇಶದಲ್ಲಿ ಓದುವುದೇ ಈ ಯೋಜನೆಯ ಜೀವಾಳ. "ಯುರೋಪಿನ ಸಂಸ್ಕೃತಿ ತಿಳಿಯಲು" ಅಂತ ಬರೆದರೆ ಓದುವವರಿಗೆ ಆಕಳಿಕೆ ಬರುತ್ತದೆ. ಎಐ ಹತ್ತಿರ ಪೂರ್ತಿ ಬರೆಸಬೇಡಿ. ಈಗ ಅರ್ಧ ಅರ್ಜಿಗಳು ಒಂದೇ ದನಿಯಲ್ಲಿ ಬರುತ್ತಿರುವಾಗ ರಿಗ್ ಲಾರಿಯ ಬಿಳಿ ಧೂಳು ಎದ್ದು ಕಾಣುತ್ತದೆ. ವ್ಯಾಕರಣ ತಿದ್ದಿಸಿಕೊಳ್ಳಲು ಬಳಸಿ, ಸಾಕು.

ಶಿಫಾರಸು ಪತ್ರ

ಎರಡು ಬೇಕು. ನಮ್ಮ ಕಾಲೇಜುಗಳ ಪದ್ಧತಿ ಗೊತ್ತಲ್ಲ. "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ." ಎರಡೂ ಪತ್ರ ನೀವೇ ಬರೆದರೆ ಎರಡೂ ಒಂದೇ ಥರ ಇರುತ್ತವೆ, ನಿಮ್ಮ ಮೋಟಿವೇಶನ್ ಲೆಟರ್ ಥರವೇ ಇರುತ್ತವೆ. ಓದುವವರು ಇಂಥದ್ದನ್ನು ವರ್ಷಾನುಗಟ್ಟಲೆ ನೋಡಿದವರು, ತಕ್ಷಣ ಹಿಡಿಯುತ್ತಾರೆ. ಅದರ ಬದಲು ಒಂದು ಹಾಳೆಯಲ್ಲಿ ಸಂಗತಿಗಳನ್ನು ಬರೆದು ಕೊಡಿ: ಸರ್, ನಾನು ನಿಮ್ಮ ಈ ಎರಡು ಪೇಪರ್ ಓದಿದ್ದೆ, ಈ ಪ್ರಾಜೆಕ್ಟಿಗೆ ನೀವು ಗೈಡ್, ಲ್ಯಾಬಿನಲ್ಲಿ ಆ ಉಪಕರಣ ಕೆಟ್ಟಾಗ ನಾನು ಸರಿ ಮಾಡಿದ್ದು ನಿಮಗೆ ನೆನಪಿರಬಹುದು. ಅದನ್ನು ನೋಡಿ ಅವರೇ ನಾಲ್ಕು ಸಾಲು ಬರೆದರೂ ಅದಕ್ಕೆ ತೂಕ ಜಾಸ್ತಿ. ಪ್ರಿನ್ಸಿಪಾಲರ ಸಹಿಗೆ ಆಸೆ ಪಡಬೇಡಿ. ನಿಮ್ಮ ಮುಖ ನೋಡದ ಪ್ರಿನ್ಸಿಪಾಲರಿಗಿಂತ ನಿಮ್ಮ ಜೊತೆ ಲ್ಯಾಬಿನಲ್ಲಿ ನಿಂತ ಲೆಕ್ಚರರ್ ಮೇಲು.

ಇನ್ನೊಂದು ಸಣ್ಣ ಮುಳ್ಳು. ಕೆಲವು ಕೋರ್ಸುಗಳು ಶಿಫಾರಸು ಮಾಡುವವರಿಗೇ ನೇರವಾಗಿ ಲಿಂಕ್ ಕಳಿಸುತ್ತವೆ, ಅದೂ ಸಂಸ್ಥೆಯ ಇಮೇಲ್‌ಗೆ. ನಮ್ಮ ಮೇಷ್ಟ್ರುಗಳು ಬಳಸುವುದು ಜಿಮೇಲ್. ಕಾಲೇಜಿನ ಇಮೇಲ್ ಇದ್ದರೂ ಪಾಸ್‌ವರ್ಡ್ ಮರೆತು ಮೂರು ವರ್ಷ ಆಗಿರುತ್ತದೆ. ಅಕ್ಟೋಬರ್‌ನಲ್ಲೇ ಹೋಗಿ ಪಕ್ಕದಲ್ಲಿ ಕೂತು ಅದನ್ನು ತೆರೆಸಿ. ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಕಾಫಿ ಕುಡಿಸಿ.

ಅರ್ಜಿ ಸಲ್ಲಿಸುವ ದಿನ

ಕೊನೆಯ ದಿನ ರಾತ್ರಿ 23:59 ಅಂತ ಇದ್ದರೆ ಅದು ಅವರ ಗಡಿಯಾರ. ಚಳಿಗಾಲದಲ್ಲಿ ಮಧ್ಯ ಯುರೋಪಿನ ಆ ಹೊತ್ತು ನಮಗೆ ಮಾರನೇ ದಿನ ಬೆಳಗಿನ ಜಾವ 4:29. ಇದನ್ನು ನಂಬಿಕೊಂಡು ಕೂರಬೇಡಿ. ಕೊನೆಯ ದಿನ ಪೋರ್ಟಲ್ ತೆವಳುತ್ತದೆ, ನಮ್ಮೂರಲ್ಲಾದರೆ ಕರೆಂಟೂ ಹೋಗುತ್ತದೆ. ನಾಲ್ಕು ದಿನ ಮುಂಚೆ ಹಾಕಿಬಿಡಿ. ಫೈಲಿನ ಅಳತೆ ಮಿತಿ ನೋಡಿ. ಮೊಬೈಲಿನಲ್ಲಿ ತೆಗೆದ ಓರೆಯಾದ ಫೋಟೋ ಬೇಡ, ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ. ಸಲ್ಲಿಸಿದ ಮೇಲೆ ಬರುವ ಮೇಲ್ ಜೋಪಾನ.

ಇಂಟರ್‌ವ್ಯೂ ಎಲ್ಲ ಕೋರ್ಸಿಗೂ ಇಲ್ಲ. ಇದ್ದರೆ ವಿಡಿಯೋ ಕರೆ, ಹೆಚ್ಚೆಂದರೆ ಅರ್ಧ ಗಂಟೆ. ನಿಮ್ಮ ಪತ್ರದಲ್ಲಿ ಬರೆದದ್ದನ್ನೇ ಕೆದಕುತ್ತಾರೆ. ಅದಕ್ಕೇ ಬರೀ ನಿಜ ಬರೆಯಿರಿ ಅಂದದ್ದು.

ಫಲಿತಾಂಶ: ಮುಖ್ಯ ಪಟ್ಟಿ, ಕಾಯುವ ಪಟ್ಟಿ

ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಮೇಲ್ ಬರುತ್ತದೆ. ಮೂರು ಬಗೆ. ಸಿಕ್ಕಿತು, ಇಲ್ಲ, ಅಥವಾ ರಿಸರ್ವ್ ಲಿಸ್ಟ್. ರಿಸರ್ವ್ ಅಂದರೆ ಕೈಬಿಡಬೇಡಿ. ಮುಖ್ಯ ಪಟ್ಟಿಯಲ್ಲಿರುವವರು ಬೇರೆ ಕೋರ್ಸು ಆರಿಸಿಕೊಂಡಾಗ ಜಾಗ ಖಾಲಿ ಆಗುತ್ತದೆ, ಮೇ, ಜೂನ್‌ನಲ್ಲೂ ಕರೆ ಬರುತ್ತದೆ. ನನಗೆ ಹಾಗೇ ಬಂದದ್ದು. ಮೇ ತಿಂಗಳ ಒಂದು ಸಂಜೆ, ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಮೇಲ್ ಓದಿದೆ. ಯಾರೋ ಬೇಡ ಅಂದಿದ್ದರು. ಅದಕ್ಕೇ ನಿಮಗೆ ಎರಡು ಕಡೆ ಸಿಕ್ಕಿದರೆ ಒಂದನ್ನು ಅದೇ ದಿನ ಬಿಟ್ಟುಕೊಡಿ. ಅಲ್ಲಿ ಕಾಯುತ್ತಿರುವವನು ಬಹುಶಃ ನಮ್ಮ ದೇಶದವನೇ.

ಸೀಟು ಇದೆ, ಸ್ಕಾಲರ್‌ಶಿಪ್ ಇಲ್ಲ, ನಿಮ್ಮ ದುಡ್ಡಿನಲ್ಲಿ ಬನ್ನಿ ಅಂತಲೂ ಮೇಲ್ ಬರಬಹುದು. ಹಲವು ಕೋರ್ಸುಗಳಲ್ಲಿ ಫೀಸು ವರ್ಷಕ್ಕೆ 9,000 ಯೂರೋ ಆಸುಪಾಸು, ಊಟ ಬಾಡಿಗೆ ಬೇರೆ. ಹೊಲ ಅಡ ಇಟ್ಟು ಹೋಗುವಷ್ಟರ ಮಟ್ಟಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ವರ್ಷ ಕೆಲಸ ಮಾಡಿ ಮತ್ತೆ ಹಾಕಿ.

ಜೂನ್, ಜುಲೈ: ವೀಸಾ

ಮೊದಲ ಸೆಮಿಸ್ಟರ್ ಯಾವ ದೇಶವೋ ಆ ದೇಶದ ದೀರ್ಘಾವಧಿ ವೀಸಾ ಮಾಡಿಸಬೇಕು. ಕೆಲವು ದೇಶಗಳು ಡಿಗ್ರಿಗೆ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಅನ್ನುವ ಸರ್ಕಾರಿ ಮುದ್ರೆ ಕೇಳುತ್ತವೆ. ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಜರ್ಮನಿಯಿಂದ ಶುರುವಾಗುವವರಿಗೆ ಎಪಿಎಸ್ ಪ್ರಮಾಣಪತ್ರದ (ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಪ್ರಶ್ನೆ ಬರುತ್ತದೆ. ಚೀನಾದವರಿಗೆ ಇದು 2001ರಿಂದಲೇ ಇದೆ, ನಮಗೆ 2022ರ ನವೆಂಬರ್‌ನಿಂದ ಕಡ್ಡಾಯವಾಯಿತು. ಸ್ಕಾಲರ್‌ಶಿಪ್ ಇದ್ದವರಿಗೆ ವಿನಾಯಿತಿ ಸಿಗಬಹುದು, ಕನ್ಸಾರ್ಷಿಯಂ ಮತ್ತು ಎಪಿಎಸ್ ಇಬ್ಬರನ್ನೂ ಕೇಳಿಕೊಳ್ಳಿ.

ಮುಂದಿನ ದೇಶಕ್ಕೆ ಹೋಗುವಾಗ ಮತ್ತೆ ಹೊಸ ವೀಸಾನಾ? ಯೂನಿಯನ್ನಿನ 2016ರ ಒಂದು ಕಾನೂನಿನ ಪ್ರಕಾರ ಇಂಥ ಕೋರ್ಸಿನವರು ಒಂದು ದೇಶದ ವಾಸದ ಪರವಾನಗಿ ಮೇಲೆ ಇನ್ನೊಂದು ದೇಶದಲ್ಲಿ 360 ದಿನದವರೆಗೆ ಓದಬಹುದು, ಹೋಗುವ ಮುಂಚೆ ತಿಳಿಸಬೇಕಾಗಬಹುದು. ಡೆನ್ಮಾರ್ಕ್, ಐರ್ಲೆಂಡ್ ಈ ಕಾನೂನಿಗೆ ಸೇರಿಲ್ಲ. ಕೋರ್ಸಿನ ಆಫೀಸಿನವರು ಈ ದಾರಿ ಸವೆಸಿದವರು, ಅವರು ಹೇಳಿದ ಹಾಗೆ ಮಾಡಿ.

ಹೊರಡುವಾಗ ಕೈಯಲ್ಲಿ ಎಷ್ಟಿರಬೇಕು

ಮೊದಲ ತಿಂಗಳ 1,400 ಯೂರೋ ನೀವು ಅಲ್ಲಿ ಹೋಗಿ ದಾಖಲಾಗಿ, ಬ್ಯಾಂಕ್ ಖಾತೆ ತೆರೆದ ಮೇಲೆ ಬರುತ್ತದೆ. ಖಾತೆ ತೆರೆಯಲು ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆಗೆ ಒಂದೆರಡು ತಿಂಗಳ ಬಾಡಿಗೆ ಮುಂಗಡ ಬೇಕು. ಟಿಕೆಟ್ಟು, ವೀಸಾ, ಮುಂಗಡ, ಮೊದಲ ತಿಂಗಳ ಊಟ ಎಲ್ಲ ಸೇರಿ ಎರಡೂವರೆ ಲಕ್ಷ ಹೊಂದಿಸಿಕೊಳ್ಳಿ. ನಾನು ಮಾವನ ಹತ್ತಿರ ಸಾಲ ಮಾಡಿದ್ದೆ, ನಾಲ್ಕನೇ ತಿಂಗಳಿಗೆ ತೀರಿಸಿದೆ. ಬಾಡಿಗೆ ಊರಿಂದ ಊರಿಗೆ ಬಹಳ ಬೇರೆ. ಡ್ರೆಸ್ಡೆನ್ ಹಗುರ, ಡೆಲ್ಫ್ಟ್ ಭಾರ, ಲಿಸ್ಬನ್ ಈಗ ಭಾರವೇ. ಹಾಸ್ಟೆಲ್ ಅರ್ಜಿ ಸ್ಕಾಲರ್‌ಶಿಪ್ ಪತ್ರ ಬಂದ ವಾರವೇ ಹಾಕಿ. ಮನೆ ನೋಡದೆ, ಕರಾರು ಓದದೆ ಮುಂಗಡ ಕಳಿಸಬೇಡಿ. ಮೋಸ ಮಾಡುವವರು ಅಲ್ಲೂ ಇದ್ದಾರೆ.

ಮೂಲ ಮಾರ್ಕ್ಸ್ ಕಾರ್ಡುಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ. ಒಂದು ಸಣ್ಣ ಕುಕ್ಕರ್ ತಗೊಂಡು ಹೋಗಿ. ಬೇಳೆ ಎಲ್ಲ ಕಡೆ ಸಿಗುತ್ತದೆ, ಸಾರಿನ ಪುಡಿ ಸಿಗುವುದಿಲ್ಲ.